ಎರಡು ಇಂಜಿನ್, ಒಂದು ಅಂಗಾಲು

3ನೇ ತಾರೀಖು, ಸೋಮವಾರ

ಇವತ್ತೂ ತೀರ್ಮಾನ ಆಗಲಿಲ್ಲ. ಯಜಮಾನರು ದೊಡ್ಡ ಇಂಜಿನ್ನೇ ಬೇಕು ಅಂತಾರೆ, ಅಮ್ಮಾವ್ರು ಚಿಕ್ಕದು ಸಾಕು ಅಂತಾರೆ. ಎಸ್‌ಯುವಿ ಒಂದೇ, ಎತ್ತರ ಒಂದೇ, ಆರಿಸಿದ ಬಣ್ಣವೂ ಒಂದೇ. ಬಾನೆಟ್ಟಿನ ಕೆಳಗೆ ಮಾತ್ರ ಒಂದರಲ್ಲಿ ಒಂದೂವರೆ ಲೀಟರಿನ ಇಂಜಿನ್, ಇನ್ನೊಂದರಲ್ಲಿ ಎರಡು ಲೀಟರಿನದು. ಆ ಅರ್ಧ ಲೀಟರಿಗೋಸ್ಕರ ಗಂಡ ಹೆಂಡತಿ ಮೂರು ದಿನದಿಂದ ಮುಖ ಕೊಟ್ಟು ಮಾತಾಡಿಲ್ಲ. ನಮ್ಮ ಮನೆಯಲ್ಲಿ ಅರ್ಧ ಲೀಟರ್ ಹಾಲು ಉಕ್ಕಿ ಹೋದಾಗಲೂ ಇಷ್ಟು ಗಲಾಟೆ ಆಗಿರಲಿಲ್ಲ.

"ಗುಡ್ಡ ಹತ್ತೋ ಗಾಡಿಗೆ ಉಸಿರು ಬೇಕು ಕಣೇ," ಅಂದರು ಯಜಮಾನರು.

"ಉಸಿರು ಸಾಕು, ನಿಮ್ಮ ಥರ ಗೊರಕೆ ಬೇಡ. ವಾರಕ್ಕೆ ಮೂರು ಸಲ ಗುಡ್ಡ, ಮಿಕ್ಕಿದ್ದೆಲ್ಲ ಪೇಟೆ ಸಂದಿಗೊಂದಿ," ಅಂದರು ಅಮ್ಮಾವ್ರು.

ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. "ನಿನ್ನ ಕಾಲು ಏನು ಹೇಳುತ್ತೋ ಅದೇ ಆಗ್ಲಿ."

ಈ ಮನೆಯಲ್ಲಿ ಹಾಗೇ ನಡೆದುಕೊಂಡು ಬಂದಿದೆ. ನಾನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗಾಡಿ ಓಡಿಸುವವನು. ಅಂಗಾಲನ್ನು ಪೆಡಲ್ ಮೇಲಿಟ್ಟರೆ ಇಂಜಿನ್ ಎಲ್ಲಿ ಏದುಸಿರು ಬಿಡುತ್ತಿದೆ, ಎಲ್ಲಿ ಸೋಮಾರಿತನ ಮಾಡುತ್ತಿದೆ, ಎಲ್ಲ ನನಗೆ ತಿಳಿಯುತ್ತದೆ. ಇಪ್ಪತ್ತೊಂದು ವರ್ಷದಲ್ಲಿ ಇಲ್ಲಿಗೆ ಬಂದ ಮೂರು ಗಾಡಿಯನ್ನೂ ಆರಿಸಿದ್ದು ನನ್ನ ಬಲಗಾಲೇ. ಯಜಮಾನರ ಟೈಲ್ಸ್ ಅಂಗಡಿಯಲ್ಲಿ ನನ್ನ ಹೆಸರು ಯಾರಿಗೂ ನೆನಪಿಲ್ಲ. ಅಲ್ಲಿ ನಾನು ಬರಿಗಾಲಪ್ಪ.

ಈಗಿರುವ ಗಾಡಿ ಇನ್ನು ಸಾಕು ಅಂತ ಹೇಳಿದ್ದೂ ಇದೇ ಕಾಲು. ನಾಲ್ಕು ತಿಂಗಳಿಂದ ಅದರ ಆಕ್ಸಿಲರೇಟರ್ ಸತ್ತ ಹಾಗಿದೆ. ಒತ್ತಿದರೂ ಒತ್ತಿದ್ದು ಗೊತ್ತಾಗುವುದಿಲ್ಲ. ಮೆಕ್ಯಾನಿಕ್ ಕೇಬಲ್ ಬದಲಾಯಿಸಿದ, ಸ್ಪ್ರಿಂಗ್ ಬದಲಾಯಿಸಿದ, ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇನ್ನು ನಿನ್ನೇ ಬದಲಾಯಿಸ್ಬೇಕು," ಅಂದ. ನನ್ನ ಹೆಂಡತಿಯೂ ಇಪ್ಪತ್ತಾರು ವರ್ಷದಿಂದ ಅದನ್ನೇ ಹೇಳ್ತಿದ್ದಾಳೆ, ಬಿಡಿಭಾಗ ಸಿಗ್ತಿಲ್ಲ ಅಂದೆ.

ಗಾಡಿ ಹೋದಮೇಲೆ ಅದರ ಓಡಾಟ ಬರೆಯುವ ಟ್ರಿಪ್ ಬುಕ್ ಯಾರಿಗೆ ಬೇಕು? ಅರ್ಧ ಪುಸ್ತಕ ಖಾಲಿ ಇದೆ. ಅದಕ್ಕೇ ಇದರಲ್ಲಿ ಗೀಚುತ್ತಿದ್ದೇನೆ.

4ನೇ ತಾರೀಖು, ಮಂಗಳವಾರ

ಇವತ್ತು ಅಜ್ಜಿಯ ದಿನ. ಯಜಮಾನರ ತಾಯಿ. ಅವರ ಎರಡು ಕಿಡ್ನಿಯೂ ಕೈಕೊಟ್ಟಿವೆ. ಮಂಗಳವಾರ, ಗುರುವಾರ, ಶನಿವಾರ ಗುಡ್ಡದ ಮೇಲಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುತ್ತೇನೆ. ಹನ್ನೊಂದು ತಿರುವಿನ ರಸ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಬೇರೆ ಯಾರ ಕೈಲೂ ಅಜ್ಜಿಯನ್ನು ಕಳಿಸುವುದಿಲ್ಲ.

ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬಲಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಬಿದ್ದಿದೆ. ನಾನು ಒಂದೇ ಚಪ್ಪಲಿಯಲ್ಲಿ ಗೇಟಿನವರೆಗೂ ಹೋಗಿಬಿಟ್ಟಿದ್ದೇನೆ. ಪೇಪರ್ ಹಾಕುವವನು ಹಿಂದಿನಿಂದ ಓಡಿಬಂದು ಕೊಟ್ಟ. ಹೆಂಡತಿಗೆ ಹೇಳಿದರೆ, "ತಲೆ ಎಲ್ಲಿಟ್ಟಿದ್ರಿ?" ಅಂದಳು. ತಲೆ ಕತ್ತಿನ ಮೇಲೇ ಇತ್ತು, ಬಿದ್ದಿದ್ದು ಚಪ್ಪಲಿ ಕಣೇ ಅಂದೆ.

5ನೇ ತಾರೀಖು, ಬುಧವಾರ

ಶೋರೂಮಿಗೆ ಹೋಗಿ ದೊಡ್ಡ ಇಂಜಿನ್ ಓಡಿಸಿ ನೋಡಿದೆವು. ಅಲ್ಲೊಬ್ಬ ಸೇಲ್ಸ್‌ನವನು. ಟೈ ಅಂದರೆ ಟೈ, ಹೊಕ್ಕುಳು ದಾಟಿ ಇಳಿದಿತ್ತು. ನಾನು ಚಪ್ಪಲಿ ಬಿಟ್ಟು ಹತ್ತಿದ್ದು ನೋಡಿ, "ಸರ್, ಶೂಸ್ ಹಾಕ್ಕೊಂಡು ಓಡಿಸಿದ್ರೆ ಒಳ್ಳೇದು," ಅಂದ. "ನೀವು ನಿಮ್ಮ ಟೈ ಬಿಚ್ಚಿ, ನಾನು ಶೂ ಹಾಕ್ಕೋತೀನಿ," ಅಂದೆ. ಯಜಮಾನರು ನಕ್ಕರು.

ಆಮೇಲೆ ನಗಲಿಲ್ಲ. ಮೊದಲನೇ ಗೇರಿಗೆ ಹಾಕಿ ಸ್ವಲ್ಪವೇ ಒತ್ತಿದೆ. ಸ್ವಲ್ಪವೇ ಅಂತ ನನ್ನ ಲೆಕ್ಕ. ಗಾಡಿ ಹಗ್ಗ ಹರಿದುಕೊಂಡ ಹೋರಿಯ ಹಾಗೆ ನುಗ್ಗಿತು. ಯಜಮಾನರು ಮೇಲಿನ ಹಿಡಿ ಹಿಡಿದುಕೊಂಡು, "ನಿಧಾನ ಕಣೋ, ನಿಧಾನ!" ಅಂತ ಕೂಗಿದರು. ಶೋರೂಮಿನ ಬಾಗಿಲಲ್ಲಿದ್ದ ಹೂವಿನ ಕುಂಡ ಒಂದು ಗೇಣಿನಲ್ಲಿ ಉಳಿಯಿತು.

"ಸರ್, ಇದರ ಪವರ್ ಅಂಥದ್ದು," ಅಂದ ಟೈ, ಅವನದೇ ಸಾಧನೆ ಅನ್ನೋ ಥರ.

ಆಶ್ಚರ್ಯ ಅಂದರೆ ನನ್ನ ಅಂಗಾಲು ಒಂದು ಮಾತೂ ಆಡಲಿಲ್ಲ. ಈಗಿನ ಗಾಡಿಗಳಿಗೆ ಅಡಿಯಿಂದ ಮುಡಿವರೆಗೆ ರಬ್ಬರು, ಸ್ಪಂಜು. ಇಂಜಿನ್ ಒಳಗೆ ಅತ್ತರೂ ಹೊರಗೆ ಕೇಳದ ಹಾಗೆ ಬಾಯಿಗೆ ಬಟ್ಟೆ ತುರುಕಿಟ್ಟಿದ್ದಾರೆ.

7ನೇ ತಾರೀಖು, ಶುಕ್ರವಾರ

ಇವತ್ತು ಚಿಕ್ಕದು. ಅಮ್ಮಾವ್ರೂ ಬಂದಿದ್ದರು. ನಾನು ನುಗ್ಗಬಾರದು ಅಂತ ಹುಷಾರಾಗಿ ಒತ್ತಿದೆ, ಗಾಡಿ ಆಫ್ ಆಯಿತು. ಮತ್ತೆ ಒತ್ತಿದೆ. ಈ ಸಲ ಇಂಜಿನ್ ಕಿರುಚಾಡಿತು.

"ಯಾಕೋ ಹಾಗೆ ತುಳಿದು ಹಿಡಿದಿದೀಯಾ? ಬಿಡು, ಬಿಡು," ಅಂದರು ಯಜಮಾನರು.

ಬಿಟ್ಟಿದ್ದೇನೆ ಅಂತಲೇ ನಾನು ಅಂದುಕೊಂಡಿದ್ದೆ.

ಆಮೇಲೆ ಮೀಟರಿನ ಮುಳ್ಳು ನೋಡಿಕೊಂಡು ಓಡಿಸಿದೆ. ಮುಳ್ಳು ಮೇಲೆ ಹೋದರೆ ಕಾಲು ಎತ್ತುವುದು, ಕೆಳಗೆ ಬಂದರೆ ಒತ್ತುವುದು. ಹೊಸದಾಗಿ ಕಲಿಯುವವರು ಓಡಿಸುವ ಹಾಗೆ. ಚೆನ್ನಾಗೇ ಬಂತು.

"ಏನನ್ನಿಸ್ತು? ಯಾವುದು?" ಅಂತ ಅಮ್ಮಾವ್ರು ಕೇಳಿದರು.

"ಇವತ್ತು ಕಾಲಿಗೆ ರಜಾ ಅಮ್ಮಾ, ಇನ್ನೊಂದು ದಿನ ಕೇಳಿ ಹೇಳ್ತೀನಿ," ಅಂದೆ. ನಕ್ಕರು. ಹೆಣ್ಣು ನೋಡೋಕೆ ಹೋದವನು ಹಿಂಗೆ ರಾಗ ಎಳೆದರೆ ಹೊಡೆತ ಬೀಳುತ್ತಿತ್ತು ಅಂದರು ಯಜಮಾನರು.

ನಿಜ ಹೇಳಬೇಕು ಅಂದರೆ ದೊಡ್ಡದಕ್ಕೂ ಚಿಕ್ಕದಕ್ಕೂ ನನಗೆ ಏನೇನೂ ವ್ಯತ್ಯಾಸ ತಿಳಿಯಲಿಲ್ಲ. ಕಿವಿಗೆ ತಿಳಿಯಿತು. ಕಾಲಿಗೆ ಇಲ್ಲ.

8ನೇ ತಾರೀಖು, ಶನಿವಾರ

ಅಜ್ಜಿಗೆ ಕಣ್ಣು ಮಂಜು ಅಂತಾರೆ. ಸುಳ್ಳು. ಒಂಬತ್ತನೇ ತಿರುವಿನಲ್ಲಿ ಹಿಂದಿನ ಸೀಟಿನಿಂದ, "ರಸ್ತೆ ಮುಂದಿದೆ ಕಣೋ, ಕೆಳಗಲ್ಲ," ಅಂದರು.

"ಗೊತ್ತು ಅಜ್ಜಿ."

"ಗೊತ್ತಿದ್ರೆ ಯಾಕೋ ನಿನ್ನ ಕಾಲನ್ನೇ ಬಗ್ಗಿ ಬಗ್ಗಿ ನೋಡ್ತೀಯಾ? ಅದೇನು ಓಡಿಹೋಗುತ್ತಾ?"

"ಇಷ್ಟು ಚೆಂದದ ಕಾಲು ಅಜ್ಜಿ, ದೃಷ್ಟಿ ಆಗುತ್ತೆ ಅಂತ ಕಾವಲು."

"ನಿನ್ನ ಕಾಲಿಗಿಂತ ನನ್ನ ಕಿಡ್ನಿನೇ ಚೆಂದ ಇದೆ, ಸುಮ್ನೆ ಓಡ್ಸು," ಅಂದರು. ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗುವುದಕ್ಕೆ ಹೊರಟ ಹೆಂಗಸು ಹೀಗೆ ಮಾತಾಡುತ್ತಾರೆ. ಆ ಆಸ್ಪತ್ರೆ ಮೆಟ್ಟಿಲಲ್ಲಿ ಅವರು ನನ್ನ ತೋಳು ಹಿಡಿದುಕೊಂಡಾಗ ಮಾತ್ರ ತೂಕವೇ ಇರುವುದಿಲ್ಲ, ಒಗೆದು ಒಣಗಿಸಿದ ಬಟ್ಟೆ ಹಿಡಿದ ಹಾಗೆ.

10ನೇ ತಾರೀಖು, ಸೋಮವಾರ

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಅಡುಗೆಮನೆಗೆ ಹೋಗಿ ನೀರು ಕುಡಿದೆ. ಈಚೆಗೆ ಎಷ್ಟು ಕುಡಿದರೂ ಬಾಯಾರಿಕೆ. ತಿರುಗಿ ನೋಡಿದರೆ ಬಾಗಿಲಿಂದ ನನ್ನವರೆಗೂ ನೆಲದ ಮೇಲೆ ಕೆಂಪು ಗುರುತು. ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆ.

"ಲೇ, ಯಾರಿಗೆ ಏನಾಯ್ತೇ? ರಕ್ತ ಬಿದ್ದಿದೆ ನೋಡು," ಅಂತ ಕೂಗಿದೆ.

ಅವಳು ಬಂದು ನೆಲ ನೋಡಿದಳು, ನನ್ನ ನೋಡಿದಳು. "ಕೂತ್ಕೊಳ್ಳಿ," ಅಂದಳು.

ಬಲ ಅಂಗಾಲಿನಲ್ಲಿ ಟೈಲ್ಸ್ ಚೂರು ಸಿಕ್ಕಿಕೊಂಡಿತ್ತು. ಬಿಳಿಯದು, ಮೊನಚು, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಅಂಗಡಿ ಹಿಂದೆ ಗಾಡಿ ತೊಳೆಯುವಾಗ ಚುಚ್ಚಿರಬೇಕು. ಅದು ಮಧ್ಯಾಹ್ನದ ಮಾತು. ಅಲ್ಲಿಂದ ಇಲ್ಲಿವರೆಗೆ ಅದರ ಮೇಲೇ ನಡೆದಿದ್ದೇನೆ.

"ಯಜಮಾನ್ರ ಅಂಗಡಿ ಮಾಲು ಗಟ್ಟಿ ಅಂತ ಈಗಲಾದ್ರೂ ಒಪ್ಕೋ," ಅಂದೆ.

ಅವಳು ನಗಲಿಲ್ಲ. ಚೂರು ಕಿತ್ತು ತಟ್ಟೆಗೆ ಹಾಕಿದಳು. ಕಿತ್ತಿದ್ದು ನನಗೆ ಗೊತ್ತಾಗಿದ್ದು ತಟ್ಟೆಯ ಸದ್ದಿನಿಂದ.

12ನೇ ತಾರೀಖು, ಬುಧವಾರ

ಹಟ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಸಕ್ಕರೆ ಕಾಯಿಲೆ ನನಗೆ ಒಂಬತ್ತು ವರ್ಷದಿಂದ ಇದೆ. ಮಾತ್ರೆ ನೆನಪಾದಾಗ ನುಂಗುತ್ತೇನೆ. ಡಾಕ್ಟರು ನನ್ನನ್ನು ಮಲಗಿಸಿ ಕಣ್ಣು ಮುಚ್ಚಿಸಿ, "ಯಾವ ಬೆರಳು ಮುಟ್ಟಿದೆ ಹೇಳಿ," ಅಂದರು. ಮುಟ್ಟಲಿ ಅಂತ ಕಾದೆ. ಕಾದೇ ಕಾದೆ. ಸ್ವಲ್ಪ ಹೊತ್ತಾದ ಮೇಲೆ, "ಆಯ್ತು, ಏಳಿ," ಅಂದರು.

ನರ ಸತ್ತಿವೆಯಂತೆ. ಎಡಗಾಲಿನಲ್ಲಿ ಸ್ವಲ್ಪ ಉಳಿದಿದೆ, ಬಲಗಾಲಿನಲ್ಲಿ ಇಲ್ಲ. ವಾಪಸ್ ಬರುವುದಿಲ್ಲ. ಇನ್ನು ಮೇಲೆ ಮನೆ ಒಳಗೆ ಸಹ ಬರಿಗಾಲಲ್ಲಿ ಒಂದು ಹೆಜ್ಜೆ ಇಡಬಾರದು. ಗಾಯ ಆದರೆ ಗೊತ್ತಾಗುವುದಿಲ್ಲ, ಕೀವು ಆಗುತ್ತದೆ, ಆಮೇಲೆ ಬೆರಳು ತೆಗೆಯಬೇಕಾಗುತ್ತದೆ. ಇಷ್ಟನ್ನೂ ಅವರು ಪೇಪರ್ ಓದುವ ಹಾಗೆ ಹೇಳಿದರು.

"ಏನು ಕೆಲಸ ಮಾಡ್ತೀರಿ?"

"ಕೂತು ಮಾಡೋ ಕೆಲಸ ಸರ್," ಅಂದೆ.

ಸುಳ್ಳಲ್ಲ. ಹೆಂಡತಿ ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕೂತಳು. ದಾರಿಯಲ್ಲಿ ಅಂಗಡಿಗೆ ನುಗ್ಗಿ ನನಗೊಂದು ಜೊತೆ ಬೂಟು ತಂದಳು.

13ನೇ ತಾರೀಖು, ಗುರುವಾರ

ಬೂಟು ಹಾಕಿಕೊಂಡು ಗಾಡಿ ಓಡಿಸಿದೆ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ. "ಏನೋ, ಎರಡನೇ ಮದುವೆಗೆ ಹೊರಟಿದೀಯಾ?" ಅಂದರು ಅಜ್ಜಿ. ಹೆಣ್ಣು ಗುಡ್ಡದ ಮೇಲಿದ್ದಾಳೆ, ನೀವೇ ಮಾತಾಡಿ ಒಪ್ಪಿಸಬೇಕು ಅಂದೆ.

ಮಧ್ಯಾಹ್ನ ಯಜಮಾನರ ಮುಂದೆ ನಿಂತು ಹೇಳಿಬಿಟ್ಟೆ: ಚಿಕ್ಕ ಇಂಜಿನ್.

"ಯಾಕೆ?"

ಡೀಸೆಲ್ ಉಳಿಯುತ್ತೆ, ಮುಂಭಾರ ಕಡಿಮೆ, ತಿರುವಿನಲ್ಲಿ ಬೇಗ ತಿರುಗುತ್ತೆ, ಪೇಟೆಯಲ್ಲಿ ಬಿಸಿ ಆಗಲ್ಲ. ಟೈ ಕಟ್ಟಿದವನು ಉರು ಹೊಡೆಸಿದ್ದನ್ನೆಲ್ಲ ಒಪ್ಪಿಸಿದೆ. ಅಮ್ಮಾವ್ರ ಮುಖ ಅರಳಿತು. ಯಜಮಾನರು ಮಾತ್ರ, "ಇದು ನಿನ್ನ ಕಾಲು ಹೇಳಿದ ಹಾಗಿಲ್ಲವಲ್ಲೋ," ಅಂದರು. ಆದರೂ ಒಪ್ಪಿಕೊಂಡರು. ಸೋಮವಾರ ಸಹಿ.

ನಿಜವಾದ ಕಾರಣ ಇಲ್ಲಿ ಬರೆದಿಡುತ್ತೇನೆ. ದೊಡ್ಡ ಇಂಜಿನ್ನಿನಲ್ಲಿ ಕಾಲು ತಪ್ಪಿದರೆ ತಪ್ಪೂ ದೊಡ್ಡದು. ಚಿಕ್ಕದರಲ್ಲಿ ನನ್ನ ತಪ್ಪು ಚಿಕ್ಕದಾಗಿರುತ್ತದೆ. ಅಷ್ಟರಲ್ಲಿ ಸಂಭಾಳಿಸಿಕೊಂಡು ಹೋಗಬಹುದು. ಇನ್ನು ಹತ್ತು ವರ್ಷ ಹೀಗೇ ತಳ್ಳಿದರೆ ನನಗೂ ವಯಸ್ಸಾಗುತ್ತದೆ, ಆಗ ಯಾರೂ ಏನೂ ಕೇಳುವುದಿಲ್ಲ. ಸ್ಟೇರಿಂಗ್ ಹಿಡಿಯುವುದು ಬಿಟ್ಟರೆ ನನಗೆ ಬರುವ ಕೆಲಸ ಯಾವುದಿದೆ? ಓದಿದ್ದು ನಾಲ್ಕನೇ ಕ್ಲಾಸು, ಅದೂ ಎರಡು ಸಲ.

15ನೇ ತಾರೀಖು, ಶನಿವಾರ

ಅಜ್ಜಿಯನ್ನು ಮನೆಗೆ ತಂದು ಬಿಟ್ಟೆ. ಅಷ್ಟು ಸಾಕು ಇವತ್ತಿಗೆ.

16ನೇ ತಾರೀಖು, ಭಾನುವಾರ

ನಿನ್ನೆಯದನ್ನು ಬರೆಯುತ್ತೇನೆ.

ಬೂಟು ಹಾಕಿದರೆ ದಿಂಬಿನ ಮೇಲೆ ಕಾಲಿಟ್ಟ ಹಾಗಿರುತ್ತದೆ ಅಂತ, ಆಸ್ಪತ್ರೆಯಿಂದ ವಾಪಸ್ ಹೊರಡುವಾಗ ಬಿಚ್ಚಿ ಪಕ್ಕದ ಸೀಟಿನ ಕೆಳಗೆ ತಳ್ಳಿದೆ. ಬರಿಗಾಲಾದರೆ ಹಳೆಯ ಅಭ್ಯಾಸ ವಾಪಸ್ ಬಂದೀತು ಅಂತ. ಇಳಿಜಾರು. ಏಳನೇ ತಿರುವು ಹತ್ತಿರ ಬಂತು, ಬ್ರೇಕ್ ಒತ್ತಿದೆ. ಗಾಡಿ ನಿಧಾನ ಆಗಲಿಲ್ಲ. ಇನ್ನೂ ಒತ್ತಿದೆ. ಇಂಜಿನ್ ಆರ್ಭಟ ಮಾಡುತ್ತಾ ಓಡಿತು. ಬಗ್ಗಿ ನೋಡಿದರೆ ನನ್ನ ಕಾಲು ಆಕ್ಸಿಲರೇಟರ್ ಮೇಲಿದೆ.

ಹ್ಯಾಂಡ್ ಬ್ರೇಕ್ ಎಳೆದೆ. ಗಾಡಿ ಅಡ್ಡಡ್ಡ ಜಾರಿ, ಅಂಚಿನ ಸುಣ್ಣ ಬಳಿದ ಕಲ್ಲು ಒಂದನ್ನು ಉರುಳಿಸಿ ನಿಂತಿತು. ಆ ಕಲ್ಲು ಕೆಳಗೆ ಬೀಳುವ ಸದ್ದು ಎಷ್ಟೋ ಹೊತ್ತು ಕೇಳುತ್ತಿತ್ತು.

ಅಜ್ಜಿ ಕೂಗಲಿಲ್ಲ. ಮುಂದಿನ ಸೀಟನ್ನು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. ತೋಳಿನ ಬ್ಯಾಂಡೇಜಿನಲ್ಲಿ ರಕ್ತ ಒಸರಿತ್ತು.

"ಗಾಡಿ ಕೆಟ್ಟಿದೆಯಾ?" ಅಂತ ಕೇಳಿದರು.

ಹೌದು ಅನ್ನಬಹುದಿತ್ತು. ಬಾಯಿಗೆ ಬಂದಿತ್ತು ಕೂಡ.

"ಕಾಲು ಅಜ್ಜಿ."

"ಎಷ್ಟು ದಿನದಿಂದ?"

"ಗೊತ್ತಿಲ್ಲ."

ಅವರು ತೋಳಿನ ಬ್ಯಾಂಡೇಜನ್ನು ಒತ್ತಿ ಹಿಡಿದರು. "ನನಗೆ ಇಳಿದು ನಡೆಯೋಕೆ ಆಗಲ್ಲ ಕಣೋ. ಕೆಳಗಿನ ತನಕ ನೀನೇ ಕರ್ಕೊಂಡು ಹೋಗ್ಬೇಕು. ಬಗ್ಗಿ ನೋಡ್ಕೊಂಡೇ ಓಡ್ಸು, ರಸ್ತೆ ನಾನು ನೋಡ್ತೀನಿ. ಮನೇಲಿ ನಾನು ಬಾಯಿ ಬಿಡಲ್ಲ. ನೀನೇ ಹೇಳು."

ಮಿಕ್ಕ ಆರು ತಿರುವನ್ನು ನಡೆಯುವವರಿಗಿಂತ ನಿಧಾನವಾಗಿ ಇಳಿದೆವು. ಎಡಕ್ಕೆ, ಬಲಕ್ಕೆ, ಬಂತು, ಈಗ ನಿಲ್ಲು, ಅಂತ ಅವರು ಹೇಳುತ್ತಾ ಬಂದರು.

ಇವತ್ತು ರಜೆ. ಆದರೂ ಹೋಗಿ ಗಾಡಿ ಬಾಗಿಲು ತೆಗೆದು, ಮಂಡಿಯೂರಿ ಕೂತು, ಆಕ್ಸಿಲರೇಟರನ್ನು ಕೈಯಲ್ಲಿ ಒತ್ತಿ ನೋಡಿದೆ. ಅಂಗೈಗೆ ಸ್ಪ್ರಿಂಗ್ ಗಟ್ಟಿಯಾಗಿ ತಾಗಿತು. ಬಿಟ್ಟರೆ ಪುಟಕ್ಕನೆ ಮೇಲೆ ಬಂತು. ಹೊಸ ಗಾಡಿಯದರಷ್ಟೇ ಚುರುಕು. ಅದಕ್ಕೆ ಏನೂ ಆಗಿರಲಿಲ್ಲ. ಯಾವತ್ತೂ ಏನೂ ಆಗಿರಲಿಲ್ಲ. ನನ್ನ ಮಾತು ಕೇಳಿಕೊಂಡು ಒಳ್ಳೆಯ ಗಾಡಿಯನ್ನು ಮಾರಲು ಹೊರಟಿದ್ದಾರೆ, ಒಳ್ಳೆಯ ಗಂಡ ಹೆಂಡತಿ ಅರ್ಧ ಲೀಟರಿಗೆ ಮುನಿಸಿಕೊಂಡಿದ್ದಾರೆ.

17ನೇ ತಾರೀಖು, ಸೋಮವಾರ

ಮನೆಯಲ್ಲೇ ಹೇಳಬೇಕು ಅಂತಿದ್ದೆ. ಆಗಲಿಲ್ಲ. ಶೋರೂಮಿನವರೆಗೂ ನಾನೇ ಓಡಿಸಿಕೊಂಡು ಹೋದೆ, ಮೂರನೇ ಗೇರ್ ದಾಟಲಿಲ್ಲ. ಟೈ ಕಟ್ಟಿದವನು ಕುರ್ಚಿ ಎಳೆದು ಫಾರಂ ಇಟ್ಟ. ಚಿಕ್ಕ ಇಂಜಿನ್ ಅನ್ನುವಲ್ಲಿ ಗುರುತು ಹಾಕಿಯೇ ಇಟ್ಟಿದ್ದ. ಯಜಮಾನರು ಪೆನ್ನಿನ ಮುಚ್ಚಳ ತೆಗೆದರು.

"ಸಹಿ ಹಾಕಬೇಡಿ ಯಜಮಾನ್ರೇ."

"ಯಾಕೋ? ದೊಡ್ಡದೇ ಸರಿ ಅನ್ನಿಸ್ತಾ?" ಅವರ ಕಣ್ಣು ಹೊಳೆಯಿತು.

"ನೀವೇ ಏನೋ ಕಣ್ಸನ್ನೆ ಮಾಡಿದ್ರಿ ಅವನಿಗೆ," ಅಂದರು ಅಮ್ಮಾವ್ರು.

"ಎರಡೂ ಬೇಡ. ಹಳೇ ಗಾಡಿ ಕೆಟ್ಟಿಲ್ಲ. ಕೆಟ್ಟಿರೋದು ನನ್ನ ಕಾಲು."

ಎಲ್ಲರೂ ನಕ್ಕರು. ಟೈ ಎಲ್ಲರಿಗಿಂತ ಜೋರಾಗಿ ನಕ್ಕ. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ. ಅವರು ನಕ್ಕರೆ ನಾನು ನಗುವುದು, ನಾನು ನಕ್ಕರೆ ಅವರು ನಗುವುದು, ಇಪ್ಪತ್ತೊಂದು ವರ್ಷದಿಂದ ನಮ್ಮದು ಇದೇ ಕಸುಬು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಯಜಮಾನರು ಮತ್ತೆ ಪೆನ್ನು ಎತ್ತಿಕೊಂಡಿದ್ದರು.

ನಾನು ಎದ್ದು ಅಲ್ಲೇ ನೋಡುವುದಕ್ಕೆ ನಿಲ್ಲಿಸಿದ್ದ ಹೊಸ ಗಾಡಿಯ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತೆ. ಬೂಟು ಬಿಚ್ಚಿದೆ. "ಬನ್ನಿ ಇಲ್ಲಿ," ಅಂದೆ. ಯಜಮಾನರನ್ನು ನಾನು ಹಾಗೆ ಕರೆದದ್ದು ಇದೇ ಮೊದಲು. ಬಂದರು. "ನಾನು ಕಣ್ಣು ಮುಚ್ಕೋತೀನಿ. ನನ್ನ ಕಾಲನ್ನ ಯಾವುದಾದ್ರೂ ಪೆಡಲ್ ಮೇಲೆ ಇಡಿ. ಯಾವುದು ಅಂತ ಹೇಳ್ತೀನಿ."

ಅವರ ಮಂಡಿ ಲಟಕ್ ಅಂದಿದ್ದು ಕೇಳಿಸಿತು. ನೆಲಕ್ಕೆ ಕೂತರು.

"ಇದು?"

"ಬ್ರೇಕು."

"ಇದು?"

"ಇದು... ಆಕ್ಸಿಲರೇಟರ್."

"ಈಗ?"

"ಬ್ರೇಕು. ಖಂಡಿತ ಬ್ರೇಕು."

ಕಣ್ಣು ಬಿಟ್ಟೆ. ನನ್ನ ಕಾಲು ಯಾವ ಪೆಡಲ್ ಮೇಲೂ ಇರಲಿಲ್ಲ. ಯಜಮಾನರು ಅದನ್ನು ತಮ್ಮ ಎರಡು ಅಂಗೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಗಾಯದ ಪಟ್ಟಿ ಅವರ ಬೆರಳ ಸಂದಿನಲ್ಲಿ ಕಾಣುತ್ತಿತ್ತು.

"ಶನಿವಾರದಿಂದ ನಮ್ಮ ಗಾಡಿ ಪಕ್ಕಕ್ಕೆ ಸುಣ್ಣ ಮೆತ್ತಿಕೊಂಡಿದೆ. ಆಗ ಅಮ್ಮ ಗಾಡೀಲಿದ್ರಾ?"

"ಇದ್ರು."

ಅವರು ನನ್ನ ಕಾಲನ್ನು ಕೆಳಗಿಟ್ಟರು. ದುಬಾರಿ ಟೈಲ್ಸನ್ನು ಮೂಲೆ ಒಡೆಯದ ಹಾಗೆ ನೆಲಕ್ಕೆ ಇಡುತ್ತಾರಲ್ಲ, ಹಾಗೆ. ಆಮೇಲೆ ಬಾಗಿಲು ಹಿಡಿದುಕೊಂಡು ಎದ್ದು ಹೊರಗೆ ಹೋದರು. ಫಾರಂ ಮೇಜಿನ ಮೇಲೇ ಉಳಿಯಿತು. "ಸರ್, ಬೇಕಾದ್ರೆ ಆಟೊಮ್ಯಾಟಿಕ್ ಕೂಡ ಇದೆ," ಅಂದ ಟೈ. ಅಮ್ಮಾವ್ರು ಅವನನ್ನು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡ.

ವಾಪಸ್ ಬರುವಾಗ ಯಜಮಾನರೇ ಓಡಿಸಿದರು. ನಾನು ಹಿಂದಿನ ಸೀಟಿನಲ್ಲಿ, ಅಜ್ಜಿ ಕೂರುವ ಜಾಗದಲ್ಲಿ. ಅಲ್ಲಿಂದ ರಸ್ತೆ ಹೇಗೆ ಕಾಣುತ್ತದೆ ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಸರಿಯಾಗಿ ಕಾಣುವುದೇ ಇಲ್ಲ. ಓಡಿಸುವವನ ಕುತ್ತಿಗೆ ಕಾಣುತ್ತದೆ.

20ನೇ ತಾರೀಖು, ಗುರುವಾರ

ಮಂಗಳವಾರ ಅಜ್ಜಿಯನ್ನು ಯಜಮಾನರೇ ಕರೆದುಕೊಂಡು ಹೋಗಿದ್ದರು. ಈಗ ಅಂಗಡಿಯ ಲಾರಿ ಓಡಿಸುವವನನ್ನು ಮನೆ ಗಾಡಿಗೆ ಹಾಕಿದ್ದಾರೆ. ಬೆಳಿಗ್ಗೆ ಬೇಗ ಹೋಗಿ ಕೀ ಕೊಟ್ಟು, ತಿರುವುಗಳ ವಿಷಯ ಹೇಳಿದೆ. ನಾಲ್ಕರಲ್ಲಿ ಹಾರ್ನ್ ಮಾಡು, ಏಳರಲ್ಲಿ ಎರಡನೇ ಗೇರಿಗೆ ಬಾ, ಹತ್ತು ದಾಟಿದ ಮೇಲೆ ಅಜ್ಜಿಗೆ ವಾಕರಿಕೆ ಬರುತ್ತೆ, ಕಿಟಕಿ ಇಳಿಸು. ತಲೆ ಆಡಿಸಿದ. ಬೂಟು ಹಾಕಿಕೊಂಡು ಹತ್ತಿದ. ಗಾಡಿ ಗೇಟು ದಾಟಿದ್ದು ಎಷ್ಟು ಮೆತ್ತಗಿತ್ತು ಅಂದರೆ, ಅದರ ಪೆಡಲ್ ಬಗ್ಗೆ ನಾನು ಆಡಿದ ಮಾತಿಗೆಲ್ಲ ಉತ್ತರ ಕೊಟ್ಟ ಹಾಗಿತ್ತು.

ಅಲ್ಲೇ ಗೇಟಿನ ಕಟ್ಟೆ ಮೇಲೆ ಕೂತು ಕಾದೆ. ಮಧ್ಯಾಹ್ನ ವಾಪಸ್ ಬಂದರು.

"ಹೇಗೆ ಓಡಿಸ್ತಾನೆ ಅಜ್ಜಿ?"

"ಚೆನ್ನಾಗಿ ಓಡಿಸ್ತಾನೆ," ಅಂದರು. ಇಳಿಯಲು ನನ್ನ ತೋಳು ಹಿಡಿದುಕೊಂಡರು. "ಬಾಯೇ ಬಿಡಲ್ಲ. ಹನ್ನೊಂದು ತಿರುವನ್ನೂ ಒಬ್ಬಳೇ ಎಣಿಸ್ದೆ."

ಇಂಜಿನ್ ವಿಷಯ ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಹಳೇ ಗಾಡಿಯೇ ಇರುತ್ತದಂತೆ. ನನ್ನ ವಿಷಯ ಕೇಳಿದ್ದಕ್ಕೆ ಯಜಮಾನರು, "ಅಂಗಡೀಲಿ ಏನಾದ್ರೂ ನೋಡೋಣ," ಅಂದರು. ಅವರು ಗಿರಾಕಿಗಳಿಗೆ ನೋಡೋಣ ಅಂದದ್ದನ್ನು ನಾನು ಎಷ್ಟು ಸಲ ಕೇಳಿಲ್ಲ! ಆದರೆ ಅಂದಾಗ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ಕೆಟ್ಟ ಮನಸ್ಸಿನಿಂದ ಅಲ್ಲ.

ಈ ಪುಸ್ತಕವನ್ನೂ ಹೊಸ ಡ್ರೈವರಿಗೆ ಕೊಡಬೇಕು. ಟ್ರಿಪ್ ಬರೆಯಲು ಅವನಿಗೆ ಹಾಳೆ ಬೇಕಲ್ಲ. ನಾನು ಬರೆದಷ್ಟನ್ನು ಹರಿದುಕೊಂಡು ಮಿಕ್ಕಿದ್ದನ್ನು ಕೊಡುವುದೋ, ಇಲ್ಲ...

ಹೆಂಡತಿ ಒಳಗಿಂದ ಕೂಗುತ್ತಿದ್ದಾಳೆ. "ಏನ್ರೀ, ಎಷ್ಟೊತ್ತು ಬರೀತೀರಿ? ಊಟಕ್ಕೆ ಬನ್ನಿ, ಆರಿಹೋಗ್ತಿದೆ. ಚಪ್ಪಲಿ ಬಿಡಬೇಡಿ, ಹಾಕ್ಕೊಂಡೇ ಬನ್ನಿ ಒಳಗೆ." ಅವಳು ಹೊಸಿಲ ಹೊರಗೆ ಚಪ್ಪಲಿ ಬಿಡದವರಿಗೆ ನೀರು ಸಹ ಕೊಟ್ಟವಳಲ್ಲ. ಅಡುಗೆಮನೆಗೆ ಚಪ್ಪಲಿ ಹಾಕಿಕೊಂಡು ಹೋಗಬೇಕಂತೆ, ಹೋಗುತ್ತೇನೆ.